ಹಳ್ಳಿ ಮನೆ ಮಾರುವಾಗ ಸೆಪ್ಟಿಕ್ ಟ್ಯಾಂಕಿಗೆ ಸರ್ಟಿಫಿಕೇಟ್ ಬೇಕೇನ್ರಿ?

ಕಾರಟಗಿ_ಕಡೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿ–ಕಾರಟಗಿ ನಡುವಿನ ಹಳ್ಳಿಯೊಳಗ ಅಪ್ಪನ ಹೆಸರಿನ ಮನಿ ಮಾರಾಟಕ್ಕೈತಿ. 30×50 ಜಾಗ, ಎರೆ ಮಣ್ಣು, ಊರ ಹಿಂದ ಎಡದಂಡೆ ಕಾಲುವೆ ನೀರಿನ ಗದ್ದಿ. ಹಿತ್ತಲದಾಗ ಕಲ್ಲಿನ ಸೆಪ್ಟಿಕ್ ಟ್ಯಾಂಕ್, ಮ್ಯಾಲೆ ಕಡಪ ಚಪ್ಪಡಿ, ಅದರ ಮುಂದ ರಿಂಗ್ ಇಳಿಸಿದ ಇಂಗು ಗುಂಡಿ. ಬಳಸೋರು ಐದು ಮಂದಿ. ಬಚ್ಚಲ ನೀರು ಬ್ಯಾರೆ, ಚರಂಡಿಗೆ ಹೋಗ್ತೈತಿ.

ಕೊಳ್ಳೋರು ರಾಯಚೂರಿನವರು, ಬ್ಯಾಂಕ್ ಸಾಲ ತಗೋತಾರ. ಯಾವುದೋ ವಿಡಿಯೋ ನೋಡಿ "ಟ್ಯಾಂಕ್ ತಪಾಸಣೆ ಸರ್ಟಿಫಿಕೇಟ್ ಕೊಡ್ರಿ" ಅಂತ ಹಟ ಹಿಡಿದಾರ. ಅಂಥಾದ್ದು ನಮ್ಮ ಕಡೆ ಐತೇನು? ಇಲ್ಲಂದ್ರ ಅವರು ನೋಡಾಕ ಬರೋಕ್ಕಿಂತ ಮೊದಲು ಗಾಡಿ ಕರೆಸಿ ಖಾಲಿ ಮಾಡಿಸಿಬಿಟ್ರ ಸಾಕೇನು? ಇನ್ನೊಂದು, ಇಂಗು ಗುಂಡಿ ಅರ್ಧ ಕಂಪೌಂಡ್ ದಾಟಿ ರಸ್ತಿ ಕಡೆ ಹೋಗೇತಿ ಅಂತ ಅನುಮಾನ ಐತಿ.

ದಸ್ತಾವೇಜು

ಅಂಥ ಪ್ರಮಾಣಪತ್ರ ನಮ್ಮಲ್ಲಿ ಇಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳುವುದು ಪಂಚಾಯ್ತಿಯ ಇ-ಸ್ವತ್ತು ದಾಖಲೆಯ ನಮೂನೆ 9 ಮತ್ತು 11ಎ (ಕೆಲವು ಸ್ವತ್ತಿಗೆ 11ಬಿ), ಋಣಭಾರ ಪತ್ರ, ಕಂದಾಯ ರಸೀದಿ, ಗುರುತಿನ ದಾಖಲೆ ಇಂಥವು. ಶೌಚಾಲಯದ ಗುಂಡಿ ಬಗ್ಗೆ ಅಲ್ಲಿ ಯಾರೂ ಕೇಳುವುದಿಲ್ಲ. ಬ್ಯಾಂಕಿನ ಮೌಲ್ಯಮಾಪಕ ಬಂದಾಗ ಶೌಚಾಲಯ ಇದೆಯೇ, ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಾಲು ಬರೆದುಕೊಂಡರೆ ಹೆಚ್ಚು.

ವಿಡಿಯೋದವರು ಹೇಳುವುದು ಹೊರದೇಶದ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಟೈಟಲ್ 5 ಎಂಬ ನಿಯಮ ಇದೆ. ಮಾರಾಟಕ್ಕೆ ಮುಂಚಿನ 2 ವರ್ಷದೊಳಗೆ ತಪಾಸಣೆ ಆಗಿರಬೇಕು, ವರ್ಷವರ್ಷ ಹೂಳು ತೆಗೆಸಿದ ದಾಖಲೆ ಇದ್ದರೆ ಅದು 3 ವರ್ಷ. ಇಂಗ್ಲೆಂಡಿನಲ್ಲಿ ಟ್ಯಾಂಕಿನ ನೀರನ್ನು ನೇರ ಹಳ್ಳಕ್ಕೆ ಬಿಡುವುದು 2020ರ ಜನವರಿ 1ರಿಂದ ನಡೆಯುವುದಿಲ್ಲ, ಮಾರುವವರು ಟ್ಯಾಂಕಿನ ವಿವರವನ್ನು ಬರಹದಲ್ಲಿ ಕೊಡಬೇಕು. ಇವೆರಡೂ ಕೊಪ್ಪಳ ಜಿಲ್ಲೆಗೆ ಸಂಬಂಧಪಡುವುದಿಲ್ಲ.

ಹಾಗೆಂದು ನಿಮ್ಮ ಮೇಲೆ ಹೊಣೆ ಇಲ್ಲ ಎನ್ನಬೇಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 55(1)(ಎ) ಓದಿಕೊಳ್ಳಿ. ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿರದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವನೇ ತಿಳಿಸಬೇಕು. ಮಣ್ಣಿನಡಿ ಇರುವ ಟ್ಯಾಂಕ್ "ನೋಡಿದರೂ ಕಾಣದ" ಎಂಬ ಮಾತಿಗೆ ಹೇಳಿ ಮಾಡಿಸಿದ ಉದಾಹರಣೆ. ಗುಂಡಿ ಉಕ್ಕುತ್ತದೆ ಎಂದು ಗೊತ್ತಿದ್ದೂ ಖಾಲಿ ಮಾಡಿಸಿ ತೋರಿಸಿದರೆ ಅದು ಮುಚ್ಚಿಟ್ಟ ಹಾಗೆಯೇ. ಗಾಡಿ ಬಂದ ತಾರೀಖು ಅಕ್ಕಪಕ್ಕದವರ ಬಾಯಲ್ಲಿ ಉಳಿದಿರುತ್ತದೆ.

ಆದ್ದರಿಂದ ಕರಾರು ಪತ್ರದಲ್ಲೇ ಒಂದು ಪ್ಯಾರಾ ಬರೆಸಿ: ಟ್ಯಾಂಕಿನ ಒಳ ಅಳತೆ, ಕಟ್ಟಿದ ವರ್ಷ, ಕೊನೆಗೆ ಹೂಳು ತೆಗೆಸಿದ ತಿಂಗಳು, ನೀರು ಎಲ್ಲಿಗೆ ಹೋಗುತ್ತದೆ, ಗೊತ್ತಿರುವ ದೋಷ ಏನು, "ಮುಚ್ಚಳ ತೆಗೆಸಿ ಇಂಥ ದಿನ ಇಬ್ಬರೂ ನೋಡಿದ್ದೇವೆ". ಮನೆಯ ಎರಡು ಮೂಲೆಗಳಿಂದ ಟ್ಯಾಂಕಿನ ಮುಚ್ಚಳಕ್ಕೆ ಟೇಪು ಹಿಡಿದು ಒಂದು ಕೈನಕ್ಷೆ ಲಗತ್ತಿಸಿ. ಅವರು ಕೇಳುವ ಸರ್ಟಿಫಿಕೇಟಿಗಿಂತ ಇದರಿಂದ ಅವರಿಗೆ ಹೆಚ್ಚು ಉಪಯೋಗ.

ಗುಂಡಿ ಹೊರಗೆ ಹೋಗಿದೆಯೋ ಇಲ್ಲವೋ ಅನುಮಾನದಲ್ಲಿ ಬಿಡಬೇಡಿ, ಚಕ್ಕುಬಂದಿ ಪ್ರಕಾರ ಅಳೆಸಿ. ರಸ್ತೆಯ ಜಾಗದಲ್ಲಿದ್ದರೆ ಅದನ್ನು ನೀವು ಮಾರಲಾರಿರಿ. ನಾಳೆ ಸಿಸಿ ರಸ್ತೆ ಹಾಕುವಾಗ ಜೆಸಿಬಿ ಮೊದಲು ಒಡೆಯುವುದೇ ಆ ರಿಂಗ್. ಅಂದ ಹಾಗೆ, ಸ್ವತ್ತು ಅಪ್ಪನ ಹೆಸರಲ್ಲಿದ್ದರೆ ಸಹಿ ಅವರದೇ ಬೇಕು. ಅವರು ಇಲ್ಲವಾಗಿದ್ದರೆ ಮೊದಲು ವಾರಸಾ ಖಾತೆ, ಆಮೇಲೆ ಟ್ಯಾಂಕಿನ ಮಾತು.

ಗಾರೆ_ಗಂಗಾವತಿ

ಕಾಗದದ ಮಾತು ಸರ್ ಹೇಳಿದ್ರು. ನಾ ಟ್ಯಾಂಕಿಂದು ಹೇಳ್ತೀನಿ.

ಅಣ್ಣಾರ, ಮೊದಲು ಖಾಲಿ ಮಾಡಿಸಬ್ಯಾಡ್ರಿ. ತುಂಬಿದ ಟ್ಯಾಂಕ್ ತನ್ನ ಕಥಿ ತಾನೇ ಹೇಳ್ತೈತಿ, ಖಾಲಿ ಆದದ್ದು ಬರೇ ಹೊಂಡ. ಎಲ್ಲಾಕ್ಕಿಂತ ಮೊದಲು ನೋಡೋದು ನೀರಿನ ಮಟ್ಟ. ಸರಿ ಇದ್ದ ಟ್ಯಾಂಕಿನಾಗ ನೀರು ಹೊರಗ ಹೋಗೋ ಪೈಪಿನ ತಳಕ್ಕ ಸಮ ನಿಂತಿರತೈತಿ. ಅದಕ್ಕಿಂತ ಕೆಳಗಿದ್ರ ಗ್ವಾಡಿ ಇಲ್ಲಾ ತಳ ಸೋರ್ತೈತಿ. ಮ್ಯಾಲಿದ್ರ ಮುಂದ ಎಲ್ಲೋ ಕಟ್ಟೇತಿ. ಗ್ವಾಡಿ ಮ್ಯಾಗಿನ ಕಪ್ಪು ಗೆರಿನೂ ನೋಡ್ರಿ. ನೀರು ಇವತ್ತು ಸರಿ ಇದ್ದು, ಗೆರಿ ಒಂದು ಗೇಣು ಮ್ಯಾಲಿದ್ರ ಮಳಿಗಾಲದಾಗ ಅಲ್ಲಿತನಕ ಏರಿತ್ತು ಅಂತ ಅರ್ಥ.

ಮುಚ್ಚಳ ತೆಗೆಯೋದು ಹಿಂಗ. ಎರಡೂ ಕಡೆ, ಅಂದ್ರ ನೀರು ಬರೋ ಬಾಜು, ಹೋಗೋ ಬಾಜು ಎರಡೂ ಚಪ್ಪಡಿ ಎತ್ರಿ. ಅರ್ಧ ತಾಸು ಹಂಗ ಬಿಡ್ರಿ. ಗಾಳಿ ಬರೋ ದಿಕ್ಕಿಗೆ ನಿಂದರ್ರಿ, ಬಗ್ಗಿ ಇಣುಕಬ್ಯಾಡ್ರಿ, ಬೀಡಿ, ಕಡ್ಡಿಪೆಟಿಗಿ ಹತ್ರ ಬರಬಾರ್ದು. ಬೆಳಕಿಗೆ ಮೊಬೈಲ್ ಟಾರ್ಚ್ ಕೋಲಿಗೆ ಕಟ್ಟಿ ಬಿಡ್ರಿ. ಒಬ್ಬರೇ ಮಾಡಬ್ಯಾಡ್ರಿ. ಕಡಪ ಚಪ್ಪಡಿ ಹಳೇದಾದ್ರ ನಡುವ ಕಾಣದ ಬಿರುಕಿರತೈತಿ, ಅದರ ಮ್ಯಾಲೆ ಕಾಲಿಡಬ್ಯಾಡ್ರಿ. ಆರ್‌ಸಿಸಿ ಮುಚ್ಚಳ ಆದ್ರ ಒಳಮೈ ತಟ್ಟಿ ನೋಡ್ರಿ. ಗ್ಯಾಸಿಗೆ ಸಿಮೆಂಟ್ ಪುಡಿಯಾಗಿ ಕಬ್ಬಿಣ ತೇಲಿದ್ರ ಹೊಸಾದು ಹಾಕಬೇಕು.

ಹೂಳು ಅಳೆಯಾಕ ಏಳೆಂಟು ಅಡಿ ಬಿದಿರು ಬೇಕು. ಕೆಳಗಿನ ಮೂರು ಅಡಿಗೆ ಹಳೇ ಬಿಳಿ ಪಂಚಿ ಸುತ್ತಿ ಸುತಳಿ ಕಟ್ರಿ. ಹೋಗೋ ಪೈಪಿನ ಬಾಜು ಮೆಲ್ಲಕ ತಳ ಮುಟ್ಟಿಸಿ, ನಾಕು ಮಿನಿಟ್ ಬಿಟ್ಟು ನೆಟ್ಟಗ ಎತ್ರಿ. ಕರ್ರಗ ಅಂಟಿದಷ್ಟು ಹೂಳು, ಅದರ ಮ್ಯಾಗಿಂದು ನೀರು. ಮ್ಯಾಲಿನ ಕೆನಿಗೆ ಇನ್ನೊಂದು ಕೋಲು. ತುದಿಗೆ ಅಡ್ಡ ಪಟ್ಟಿ ಬಡಿದು, ಕೆನಿ ತೂರಿ ಕೆಳಗ ಇಳಿಸಿ, ತಿರುವಿ ಮ್ಯಾಲೆ ಎಳೀರಿ. ಪಟ್ಟಿ ತಡೆದು ನಿಂತಲ್ಲಿ ಕೆನಿಯ ತಳ. ಹೂಳು, ಕೆನಿ ಎರಡೂ ಕೂಡಿ ನೀರಿನ ಆಳದ ಮೂರರಾಗ ಒಂದು ಪಾಲು ದಾಟಿದ್ರ ಗಾಡಿ ಕರೀಬೇಕು.

ಕಡೀಗೆ ಪೈಪಿನ ಟೀ, ಅಂದ್ರ ಇಂಗ್ಲಿಷ್ T ಆಕಾರದ ಪೈಪಿನ ತುಂಡು. 110 ಮಿಲಿಮೀಟರ್ ಪಿವಿಸಿ ಟೀ ಎರಡೂ ಕಡೆ ಇರಬೇಕು. ಬರೋ ಪೈಪು ಹೋಗೋ ಪೈಪಿಗಿಂತ ಎರಡು ಇಂಚು ಎತ್ತರ. ಹೋಗೋ ಕಡೆ ಟೀ ಇಲ್ಲಂದ್ರ ಕೆನಿ ಸೀದಾ ಇಂಗು ಗುಂಡಿಗೆ ಹೋಗಿ ಅದರ ಬಾಯಿ ಮುಚ್ಚತೈತಿ. ನಮ್ಮ ಕಡೆ ಕೆಟ್ಟ ಗುಂಡಿಗಳಾಗ ಹೆಚ್ಚಿನವು ಕೆಟ್ಟದ್ದು ಈ ಸಣ್ಣ ಸಾಮಾನು ಇಲ್ಲದ್ದಕ್ಕ.

ಅಳತಿ ಹಾಕ್ರಿ, ಹೇಳ್ತೀನಿ.

ಲಿಂಗಸೂಗೂರು_ಮಸಾರಿ

ನಮ್ಮೂರಲ್ಲಿ ಟ್ಯಾಂಕ್ ಅಂತ ಹೇಳ್ತಾರೆ, ತೆಗೆದು ನೋಡಿದ್ರೆ ತಳವೇ ಇಲ್ಲದ ರಿಂಗ್ ಗುಂಡಿ. ಮಸಾರಿ, ಗರಸು ನೆಲ ಆದ್ದರಿಂದ ಹತ್ತು ವರ್ಷ ತುಂಬೋದೇ ಇಲ್ಲ. ಇದನ್ನ ಸೆಪ್ಟಿಕ್ ಟ್ಯಾಂಕ್ ಅಂತ ಬರೆಸಬಹುದಾ?

ದಸ್ತಾವೇಜು

ಬರೆಸಬೇಡಿ. "ತಳ ಕಟ್ಟದ ಇಂಗು ಗುಂಡಿ" ಎಂದೇ ಬರೆಸಿ. ಸ್ವಚ್ಛ ಭಾರತ ಯೋಜನೆಯ ಸಹಾಯಧನದಲ್ಲಿ ಕಟ್ಟಿದ ಎರಡು ಗುಂಡಿಯ ಶೌಚಾಲಯ ಆದರೆ "ಎರಡು ಗುಂಡಿ, ಈಗ ಬಳಕೆಯಲ್ಲಿರುವುದು ಎಡಗಡೆಯದು" ಎಂದು ಬರೆಸಿ. ಇಲ್ಲದಿದ್ದರೆ ಕೊಂಡವರು ನೀರನ್ನು ಒಂದೊಂದೇ ಗುಂಡಿಗೆ ತಿರುಗಿಸುವ ವೈ ಜಂಕ್ಷನ್ ಎಲ್ಲಿದೆ ಎಂದು ಗೊತ್ತಿಲ್ಲದೆ ಎರಡೂ ಗುಂಡಿಗೆ ಒಟ್ಟಿಗೆ ನೀರು ಬಿಡುತ್ತಾರೆ, ಗೊಬ್ಬರ ಆಗುವುದೇ ಇಲ್ಲ.

ನೈರ್ಮಲ್ಯ_ಎಂಜಿನಿಯರ್

ಗರಸು ನೆಲದಲ್ಲಿ ಹತ್ತು ವರ್ಷ ತುಂಬಲಿಲ್ಲ ಎನ್ನುವುದು ಸಂತೋಷಪಡುವ ವಿಷಯವಲ್ಲ. ಅಷ್ಟೂ ನೀರು ಸೋಸದೆ ಬಂಡೆಯ ಸೀಳಿಗೆ ಇಳಿದಿದೆ. ಅಕ್ಕಪಕ್ಕದ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ.

ಕಾರಟಗಿ_ಕಡೆಯವ

ಅಳತಿ ತಗೊಂಡ್ವಿ. ಒಳಗ ಉದ್ದ 6 ಅಡಿ, ಅಗಲ 3 ಅಡಿ, ತಳದಿಂದ ಹೋಗೋ ಪೈಪಿನ ತಳಕ್ಕ 4 ಅಡಿ. ನೀರು ಆ ಪೈಪಿನ ತಳಕ್ಕಿಂತ 5 ಇಂಚು ಮ್ಯಾಲೆ ನಿಂತೈತಿ. ಹೂಳು ಒಂದೂವರಿ ಅಡಿ, ಕೆನಿ 4 ಇಂಚು. ಹೋಗೋ ಕಡೆ ಟೀ ಇಲ್ಲ, ಮುಂದ ಇಟ್ಟಂಗಿ ಅಡ್ಡಗೋಡಿ ಇತ್ತು, ಬಿದ್ದೈತಿ. ಇಂಗು ಗುಂಡಿ 3 ಅಡಿ ರಿಂಗ್, 6 ಅಡಿ ಆಳ, ಅದರಾಗೂ ಪೈಪು ಮುಳುಗೇತಿ. ಬೋರ್‌ವೆಲ್ ಗುಂಡಿಯಿಂದ 40 ಅಡಿ. ಗುಂಡಿ ಕಂಪೌಂಡಿನ ಒಳಗೇ ಐತಿ, ಗ್ವಾಡಿಗೆ ಹತ್ತಿ.

ಗಾರೆ_ಗಂಗಾವತಿ

6×3×4 ಅಂದ್ರ 72 ಘನ ಅಡಿ, ಹತ್ರ ಹತ್ರ 2,040 ಲೀಟರ್. ಐದು ಮಂದಿಗೆ ಐಎಸ್ 2470 (ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ) ಕೋಡ್‌ನಾಗ ಇರೋ ಅಳತಿ 1.5 ಮೀಟರ್ ಉದ್ದ, 0.75 ಅಗಲ, 1 ಮೀಟರ್ ನೀರು, ಅಂದ್ರ 1,125 ಲೀಟರ್. ನಿಮ್ಮದು ದೊಡ್ಡದೇ ಐತಿ, ಅಳತಿ ಬಗ್ಗೆ ಕೊಳ್ಳೋರು ತಕರಾರು ತೆಗೆಯಂಗಿಲ್ಲ.

ಹೂಳು 18, ಕೆನಿ 4, ಒಟ್ಟು 22 ಇಂಚು. 48 ಇಂಚಿನ ಮೂರರಾಗ ಒಂದು ಪಾಲು 16. ದಾಟೇತಿ, ಗಾಡಿ ಬೇಕು. ಆದ್ರ ಅದು ಸಣ್ಣ ಕೆಲಸ. ದೊಡ್ಡ ಕೆಲಸ ಇರೋದು ಆ 5 ಇಂಚಿನಾಗ. ನೀರು 5 ಇಂಚು ಏರಿದ್ರ ಬರೋ ಪೈಪಿನ ತಳನೂ ಮೂರು ಇಂಚು ಮುಳುಗಿರತೈತಿ, ಕಮೋಡಿನಾಗ ನೀರು ಗುಳುಗುಳು ಅಂದು ತಡವಾಗಿ ಇಳೀತೈತಿ. ಇಂಗು ಗುಂಡಿ ಖಾಲಿ ಇದ್ದು ಟ್ಯಾಂಕ್ ಅಷ್ಟೇ ಏರಿದ್ರ ನಡುವಿನ ಪೈಪು ಕಟ್ಟೇತಿ ಅಂತಿದ್ದೆ, ಸರಳು ಹಾಕಿ ಚುಚ್ಚಿದ್ರ ಮುಗೀತಿತ್ತು. ಗುಂಡಿನೂ ತುಂಬೇತಿ ಅಂದ್ಮ್ಯಾಲೆ ಗುಂಡಿನೇ ಕುಡಿಯವಲ್ದು. ಅಡ್ಡಗೋಡಿ ಬಿದ್ದು ಕೆನಿ ಹೋಗಿ ರಿಂಗಿನ ತೂತು, ಸುತ್ತಲ ಮಣ್ಣು ಎಲ್ಲಾ ಜಿಡ್ಡು ಹಿಡದೈತಿ.

ಗಾಡಿ ಎಳೀವಾಗ ಹೋಗೋ ಪೈಪಿನ ಬಾಯಿ ನೋಡ್ಕೊಂತ ನಿಂದರ್ರಿ. ಅಲ್ಲಿಂದ ನೀರು ಹಿಂದಕ್ಕ ಟ್ಯಾಂಕಿಗೆ ಸುರಿದ್ರ ನಾ ಹೇಳಿದ್ದು ಖಾತ್ರಿ. ಗ್ವಾಡಿ ಕಲ್ಲಿನ ಸಂದಿನಾಗಿಂದ ತಿಳಿನೀರು ಒಸರಿದ್ರ ಅದು ಹೊರಗಿನ ಕಾಲುವೆ ನೀರು, ಒಳಗಿನ ಗಿಲಾವು ಬಿಟ್ಟೈತಿ.

ಪಕ್ಕದಾಗ ಇನ್ನೊಂದು ಗುಂಡಿ ತೋಡಿ, 10 ಅಡಿ ಆಳ ಮಾಡಿ ಕೊಟ್ಟುಬಿಡ್ರಿ. ಎರಡು ದಿನದ ಕೆಲಸ.

ನೈರ್ಮಲ್ಯ_ಎಂಜಿನಿಯರ್

ಅಳತೆ, ಲೆಕ್ಕ ಎಲ್ಲ ಒಪ್ಪಿದೆ. ಕೊನೆಯ ಸಲಹೆಯನ್ನು ಮಾತ್ರ ಒಪ್ಪಲಾರೆ. ಎರೆ ಮಣ್ಣಲ್ಲಿ ಆಳ ಹೆಚ್ಚಿಸಿದರೆ ಇಂಗುವುದು ಹೆಚ್ಚುವುದಿಲ್ಲ.

ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆಗ ಗುಂಡಿಯ ನೀರು ಆ ಬಿರುಕಿನಲ್ಲಿ ಓಡಿಹೋಗುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿದ ಕೂಡಲೇ ಬಿರುಕು ಮುಚ್ಚಿ ಗುಂಡಿ ಹಂಡೆಯ ಹಾಗೆ ನಿಲ್ಲುತ್ತದೆ. ಮೇಲಿಂದ ನಿಮ್ಮದು ಗದ್ದೆಯ ಪಕ್ಕ. ಕಾಲುವೆಗೆ ನೀರು ಬಿಟ್ಟ ಮೇಲೆ ಅಂತರ್ಜಲ ಎಷ್ಟು ಮೇಲೆ ಬರುತ್ತದೆ ಎನ್ನುವುದು ಮುಖ್ಯ. ನೆಲಮಟ್ಟದಿಂದ 1.8 ಮೀಟರ್ ಒಳಗೆ, ಅಂದರೆ ಸುಮಾರು 6 ಅಡಿಗೇ ನೀರು ಸಿಗುವಲ್ಲಿ ಇಂಗು ಗುಂಡಿ ಕೆಲಸ ಮಾಡುವುದಿಲ್ಲ. 10 ಅಡಿ ತೋಡಿದರೆ ಕೆಳಗಿನ 4 ಅಡಿ ಸೀದಾ ಅಂತರ್ಜಲದಲ್ಲೇ ನಿಲ್ಲುತ್ತದೆ. ಅದು ಇಂಗಿಸುವುದಲ್ಲ, ಬೋರ್‌ವೆಲ್‌ಗೆ ಬೆರೆಸುವುದು.

ಪರೀಕ್ಷೆ ಮಾಡಿಯೇ ನೋಡಿ. ಗುಂಡಿಯಿಂದ ಸ್ವಲ್ಪ ದೂರ ಒಂದು ಅಡಿ ಚೌಕದ ಕುಣಿ, ಇಂಗಿಸಬೇಕೆಂದಿರುವ ಆಳದವರೆಗೆ. ಸನಿಕೆ ತಾಗಿ ನುಣುಪಾದ ಬದಿಯನ್ನು ಕೆರೆದು ಒರಟು ಮಾಡಿ, ತಳಕ್ಕೆ ಎರಡು ಇಂಚು ಉಸುಕು ಹಾಕಿ, ಒಂದು ಅಡಿ ನೀರು ತುಂಬಿ ರಾತ್ರಿ ಇಡೀ ನೆನೆಯಲು ಬಿಡಿ. ಈ ನೆನೆಸುವುದನ್ನು ಬಿಟ್ಟರೆ ಎರೆ ಮಣ್ಣು ನಿಮಗೆ ಸುಳ್ಳು ಹೇಳುತ್ತದೆ. ಮಾರನೆ ದಿನ ನೀರು ಹಾಕಿ ಅರ್ಧ ಗಂಟೆಗೊಮ್ಮೆ ಅಳೆಯಿರಿ, ನಾಲ್ಕು ಗಂಟೆ. ಕೊನೆಯ ಅರ್ಧ ಗಂಟೆಯ ಲೆಕ್ಕದಲ್ಲಿ 25 ಮಿ.ಮೀ. ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗು ಗುಂಡಿ ನಡೆಯುತ್ತದೆ. 30ರಿಂದ 60 ನಿಮಿಷ ಆದರೆ ಉದ್ದನೆಯ ಇಂಗು ಕಾಲುವೆ ಬೇಕು: ಅರ್ಧದಿಂದ ಒಂದು ಮೀಟರ್ ಆಳ, ಜಲ್ಲಿಯ ಮೇಲೆ ತೂತಿನ ಪೈಪು. 60 ದಾಟಿದರೆ ಎರಡೂ ಬೇಡ.

ನಿಮ್ಮದು 60 ದಾಟುವ ಸಂಭವವೇ ಹೆಚ್ಚು. ಆಗ ಉಳಿಯುವುದು ಟ್ಯಾಂಕಿನ ಮುಂದೆ ಮೇಲ್ಮುಖ ಜಲ್ಲಿ ಫಿಲ್ಟರ್. ಟ್ಯಾಂಕಿನ ನೀರಿನ ಪ್ರಮಾಣದ ಮೂರನೇ ಒಂದರಿಂದ ಅರ್ಧದಷ್ಟು ದೊಡ್ಡ ತೊಟ್ಟಿ, ನಿಮ್ಮ ಲೆಕ್ಕಕ್ಕೆ 700ರಿಂದ 1,000 ಲೀಟರ್. 20 ಮಿ.ಮೀ. ಜಲ್ಲಿ, ನೀರು ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಡುತ್ತದೆ. ಆ ನೀರನ್ನು ಎಲ್ಲಿ ಬಿಡುವುದು ಎಂದು ಪಂಚಾಯ್ತಿ ಪಿಡಿಒ ಹತ್ತಿರ ಮಾತಾಡಿ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಚರಂಡಿಗೆ ಹಾಗೇ ಹಸಿ ಟ್ಯಾಂಕ್ ನೀರು ಜೋಡಿಸುವುದು ಎಲ್ಲ ಊರಲ್ಲೂ ಇದೆ, ಆದರೆ ಅದೇ ಚರಂಡಿಯಲ್ಲಿ ಮನೆಮನೆಗೆ ನಲ್ಲಿ ಪೈಪು ಹಾದಿರುತ್ತದೆ. ನಮ್ಮಲ್ಲಿ ನೀರು ಬಿಡುವುದು ಗಂಟೆ ಲೆಕ್ಕದಲ್ಲಿ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಸಡಿಲ ಜೋಡಣೆ ಇದ್ದಲ್ಲಿ ಚರಂಡಿ ನೀರನ್ನೇ ಒಳಗೆಳೆದುಕೊಳ್ಳುತ್ತದೆ.

ಬೋರ್‌ವೆಲ್ 40 ಅಡಿ ಅಂದಿರಿ. ಕೋಡ್ ಪ್ರಕಾರ ಇಂಗಿಸುವ ಜಾಗ ಕುಡಿಯುವ ನೀರಿನ ಮೂಲದಿಂದ 18 ಮೀಟರ್, ಹೆಚ್ಚುಕಡಿಮೆ 60 ಅಡಿ ದೂರ ಇರಬೇಕು. 30×50 ಜಾಗದ ಮೂಲೆಯಿಂದ ಮೂಲೆಗೇ 58 ಅಡಿ! ಹಾಗಾಗಿ ಇಂಥ ಜಾಗದಲ್ಲಿ ಈ ನಿಯಮ ಪಾಲನೆ ಆಗುವುದೇ ಇಲ್ಲ. ಅದಕ್ಕೇ ನೀರಿನ ವರದಿ ಇಟ್ಟುಕೊಳ್ಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲೈ ಒಂದೂ ಇರಬಾರದು. ನೈಟ್ರೇಟ್ ಹೆಚ್ಚು ಬಂದರೆ ಅದು ಗದ್ದೆಯ ಯೂರಿಯಾದಿಂದಲೂ ಬಂದಿರಬಹುದು, ಟ್ಯಾಂಕನ್ನು ತಕ್ಷಣ ದೂರಬೇಡಿ. ಇ-ಕೊಲೈ ಬಂದರೆ ಅದು ಯೂರಿಯಾದ ಕೆಲಸವಲ್ಲ.

ಗಾರೆ_ಗಂಗಾವತಿ

10 ಅಡಿ ಮಾತು ಹಿಂದಕ್ಕ ತಗೊಂಡೆ ಸರ. ಕುಷ್ಟಗಿ, ಯಲಬುರ್ಗಾ ಕಡೆ ಮಸಾರಿಗೆ ಅದು ನಡೀತೈತಿ, ಕಾಲುವೆ ಕೆಳಗ ಇಲ್ಲ.

ಸಕ್ಕಿಂಗ್_ಗಾಡಿ

ಗಾಡಿ ಕರೆಸೋ ಮುಂಚೆ ಫೋನಿನಲ್ಲೇ ಕೇಳಿ: ಟ್ಯಾಂಕರ್ ಎಷ್ಟು ಲೀಟರ್, ಪೈಪು ಎಷ್ಟು ಉದ್ದ, ರಸೀದಿ ಕೊಡ್ತೀರಾ, ತೆಗೆದದ್ದನ್ನ ಎಲ್ಲಿ ಸುರೀತೀರಿ. ನಿಮ್ಮ 2,000 ಲೀಟರಿಗೆ ಒಂದೇ ಟ್ರಿಪ್ ಸಾಕು, ಇಂಗು ಗುಂಡಿಯೂ ಸೇರಿದರೆ ಎರಡಾಗಬಹುದು. ಕಾಲುವೆಗೋ ಹಳ್ಳಕ್ಕೋ ಬಿಡ್ತೀವಿ ಅಂದರೆ ಬೇರೆ ಗಾಡಿ ನೋಡಿ. "ಹೊಲಕ್ಕೆ ಹಾಕ್ಸಿ, ಗೊಬ್ಬರ ಆಗುತ್ತೆ" ಅನ್ನೋ ಮಾತೂ ಕೇಳಬೇಡಿ. ಹಸಿ ಹೂಳಲ್ಲಿ ಜಂತುಹುಳದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರ್ತವೆ.

ತಳದಲ್ಲಿ ಗಟ್ಟಿಯಾದ ಹೂಳು ಬರ್ತಾ ಇಲ್ಲ ಅಂತ ಆಳು ಇಳಿಸೋಣ ಅಂದರೆ ಅಲ್ಲೇ ಕೆಲಸ ನಿಲ್ಲಿಸಿ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಸುರಕ್ಷತಾ ಸಲಕರಣೆ ಇಲ್ಲದೆ ಮನುಷ್ಯನನ್ನ ಟ್ಯಾಂಕಿಗೆ ಇಳಿಸಿದವರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೂಲಿಗೆ ಕರೆದ ಮನೆಯವರೂ ಇದರಲ್ಲಿ ಬರ್ತಾರೆ. ಸತ್ತರೆ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಗಟ್ಟಿ ಹೂಳಿಗೆ ಉಪಾಯ ಸುಲಭ: ಎಳೆದ ನೀರನ್ನೇ ಸ್ವಲ್ಪ ಜೋರಾಗಿ ಟ್ಯಾಂಕಿಗೆ ವಾಪಸ್ ಬಿಟ್ಟು, ಮೇಲಿಂದ ಕೋಲಲ್ಲಿ ಕದಡಿ, ಮತ್ತೆ ಎಳೆಯೋದು.

ತಳಕ್ಕೆ ಒಂದು ಇಂಚು ಹೂಳು ಬಿಡಿ, ತೊಳೆದು ಫಿನೈಲ್ ಹಾಕಬೇಡಿ. ಹೊಸ ಹೊಲಸನ್ನ ಕರಗಿಸೋ ಜೀವಾಣು ಅದರಲ್ಲೇ ಇರ್ತವೆ. ಮುಗಿದ ತಕ್ಷಣ ಬೋರ್ ನೀರು ಬಿಟ್ಟು ಪೈಪಿನ ಮಟ್ಟಕ್ಕೆ ತುಂಬಿಸಿ. ಕಾಲುವೆ ನೀರು ಇದ್ದ ಕಾಲದಲ್ಲಿ ಪ್ಲಾಸ್ಟಿಕ್, ಫೈಬರ್ ಟ್ಯಾಂಕ್ ಖಾಲಿ ಬಿಟ್ಟರೆ ಹೊರಗಿನ ನೀರು ಅದನ್ನ ದೋಣಿ ಥರ ಎತ್ತುತ್ತೆ, ಪೈಪು ಮುರಿಯುತ್ತೆ. ಕಲ್ಲಿನ ಟ್ಯಾಂಕ್ ತೇಲೋದಿಲ್ಲ, ಆದರೆ ಗೋಡೆ ಒಳಗೆ ಬಾಗಬಹುದು.

ತುಂಬಿಸಿದ್ದು ಸೋರಿಕೆ ಪರೀಕ್ಷೆಗೂ ಆಗುತ್ತೆ. ಶೌಚಾಲಯಕ್ಕೆ ನೀರು ನಿಲ್ಲಿಸಿ, ಹೋಗೋ ಪೈಪಿಗೆ ಬಿರಡೆ ಹಾಕಿ, ಒಂದು ದಿನ ನೆನೆಯಲಿ. ಮತ್ತೆ ಮಟ್ಟಕ್ಕೆ ತಂದು ಗೋಡೆಗೆ ಮೊಳೆಯಲ್ಲಿ ಗುರುತು ಗೀರಿ. 24 ಗಂಟೆ ಬಿಟ್ಟು 15 ಮಿ.ಮೀ.ಗಿಂತ ಜಾಸ್ತಿ ಇಳಿದಿದ್ದರೆ ಸೋರ್ತಾ ಇದೆ. ಕೊಳ್ಳೋರನ್ನ ಈ ಗುರುತು ನೋಡೋಕೆ ಕರೀರಿ.

ಕಾರಟಗಿ_ಕಡೆಯವ

ಎಲ್ಲರಿಗೂ ಧನ್ಯವಾದ್ರಿ. ಇನ್ನೊಂದೇ ಮಾತು. ಫಿಲ್ಟರ್ ನಾವೇ ಕಟ್ಟಿಸಿ ಮಾರೋದು ಚಲೋನೋ, ದರದಾಗ ಮುರ್ಕೊಂಡು ಅವರಿಗೇ ಬಿಡೋದು ಚಲೋನೋ?

ದಸ್ತಾವೇಜು

ಮುರಿದುಕೊಳ್ಳಿ. ಕೊಂಡವರು ಅಡುಗೆಮನೆ, ಬಚ್ಚಲು ಎಲ್ಲ ಬದಲಾಯಿಸುವವರಾದರೆ ನೀವು ಕಟ್ಟಿಸಿದ ಫಿಲ್ಟರ್ ಅವರ ಪೈಪಿನ ಮಟ್ಟಕ್ಕೆ ಕೂಡಿಬರುವುದಿಲ್ಲ, ಕೆಟ್ಟರೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಎರಡು ಕಡೆಯ ಮೇಸ್ತ್ರಿಗಳಿಂದ ಅಂದಾಜು ಬರೆಸಿ, ನಡುವಿನ ಮೊತ್ತ ಹಿಡಿಯಿರಿ. ಕರಾರಿನಲ್ಲಿ ಹೀಗೆ: "ಇಂಗು ಗುಂಡಿ ಇಂಗಿಸುತ್ತಿಲ್ಲ ಎಂಬುದನ್ನು ಖರೀದಿದಾರರು ಖುದ್ದು ನೋಡಿ ತಿಳಿದಿದ್ದು, ಅದರ ದುರಸ್ತಿಗಾಗಿ ಇಷ್ಟು ರೂಪಾಯಿಯನ್ನು ಕ್ರಯದ ಮೊತ್ತದಲ್ಲಿ ಕಡಿತ ಮಾಡಲಾಗಿದೆ." ಇಬ್ಬರ ಸಹಿ, ಇಬ್ಬರು ಸಾಕ್ಷಿ. ಸಾಲ ಕೊಡುವ ಬ್ಯಾಂಕಿಗೂ ಕಡಿತದ ನಂತರದ ಮೊತ್ತವನ್ನೇ ತೋರಿಸಿ.

ಗಾರೆ_ಗಂಗಾವತಿ

ಟೀ ಮಾತ್ರ ನೀವೇ ಹಾಕಿಸ್ರಿ ಅಣ್ಣಾರ, ಗಾಡಿ ಬಂದ ದಿನಾನೇ. ಟ್ಯಾಂಕ್ ಖಾಲಿ ಇದ್ದಾಗ ಹೊರಗಿನ ಛೇಂಬರ್ ಕಡಿಂದ ಪೈಪು ತೂರಿಸಿ, ಮ್ಯಾಲಿನಿಂದ ಕೈಗೆ ಸಿಗೋಹಂಗ ಕೂಡಸಬಹುದು, ಒಳಗ ಇಳೀಬೇಕಿಲ್ಲ. ಟೀದ ಕೆಳಗಿನ ಕಾಲು ನೀರಿನಾಗ 16 ಇಂಚು ಮುಳುಗಬೇಕು, ಮ್ಯಾಲಿನ ಬಾಯಿ ತೆರೆದಿರಬೇಕು. ಆ ಬಾಯಿಗೆ ಕ್ಯಾಪ್ ಬಡಿಯೋ ಮೇಸ್ತ್ರಿಗಳದಾರ, ಹಂಗ ಮಾಡಿದ್ರ ಕಟ್ಟಿದಾಗ ಸರಳು ಹಾಕಾಕ ದಾರಿ ಇರಂಗಿಲ್ಲ. ಗಾಳಿ ಪೈಪಿನ ತುದಿಗೆ ಸೊಳ್ಳಿ ಜಾಳಿಗಿ ಐತೇನು ಅದನ್ನೂ ನೋಡ್ರಿ, ಮನಿ ಮಾಳಿಗಿಗಿಂತ 2 ಮೀಟರ್ ಎತ್ತರ ಇರಬೇಕು ಅದು.